ಪಾಪ ಮಾಡಿದವರು ಯಾರು?

(ಯೋಹಾನನ ಸುವಾರ್ತೆ, 9ನೆಯ ಅಧ್ಯಾಯ)



ಹುಟ್ಟುಕುರುಡನಾದ ಒಬ್ಬ ಭಿಕ್ಷುಕನನ್ನು ಶಿಷ್ಯರೂ ನೋಡಿದರು, ಯೇಸುವೂ ನೋಡಿದನು. ನೋಡಿದ ಮನುಷ್ಯನು ಒಬ್ಬನೇ. ನೋಡಿದ ಬಗೆ ಬೇರೆ. ಶಿಷ್ಯರ ಬಾಯಿಂದ ಮೊದಲು ಹೊರಟದ್ದು ಕನಿಕರದ ಮಾತಲ್ಲ. ಪಾಪ ಮಾಡಿದವನು ಇವನೋ, ಇವನ ತಾಯಿತಂದೆಗಳೋ ಎಂಬ ಪ್ರಶ್ನೆಯು. ಕರ್ತನಾದರೋ ಅವನನ್ನೂ ಹೆತ್ತವರನ್ನೂ ಆ ಅಪವಾದದಿಂದ ಬಿಡಿಸಿ, ದೇವರ ಕ್ರಿಯೆಯು ಇವನಲ್ಲಿ ತೋರಿಬರಬೇಕೆಂದು ಹೇಳಿ, ನೆಲಕ್ಕೆ ಉಗುಳಿ ಕೆಸರು ಮಾಡಿ ಅವನ ಕಣ್ಣಿಗೆ ಹಚ್ಚಿದನು.

ಶಿಷ್ಯರ ಪ್ರಶ್ನೆಯು ಯೆರೂಸಲೇಮಿನಲ್ಲಿಯೇ ಉಳಿಯಲಿಲ್ಲ. ನಮ್ಮ ಸಿ.ಎಸ್. ಪುರದ ಸುತ್ತಣ ಹಳ್ಳಿಗಳಲ್ಲಿಯೂ ಅದು ಉಂಟು. ಸಭೆಯವನೊಬ್ಬನ ಕೊಳವೆಬಾವಿ ಬತ್ತಿದರೆ, ಹಸು ಕಂದು ಹಾಕಿದರೆ, "ಮನೆದೇವರನ್ನು ಬಿಟ್ಟ ಫಲ" ಎಂದು ನೆಂಟರು ಹೇಳುತ್ತಾರೆ. ತೆಂಗಿಗೆ ನುಸಿ ತಗಲಿದಾಗ ಅದು ಮನೆದೇವರನ್ನು ಬಿಡದವರ ತೋಟವನ್ನೂ ತಿಂದಿತೆಂಬುದು ಅವರಿಗೆ ಆಗ ನೆನಪಿರುವುದಿಲ್ಲ. ಅವರನ್ನು ಏಕೆ ದೂರಬೇಕು? ನಾವು ಹಣೆಬರಹವನ್ನು ನಂಬುವವರಲ್ಲವೆಂದು ಹೇಳಿಕೊಂಡು, "ಪ್ರಾರ್ಥನೆಗೆ ಬರುವುದನ್ನು ಬಿಟ್ಟಿದ್ದರು, ಅದಕ್ಕೇ ಹೀಗಾಯಿತು" ಎನ್ನುತ್ತೇವೆ. ದೇವರ ಹೆಸರು ಬದಲಾಯಿತು. ನಮ್ಮ ಕಣ್ಣು ಬದಲಾಗಲಿಲ್ಲ.

ಉಪದೇಶಿಯಾದ ನಾನೂ ಇದರಿಂದ ತಪ್ಪಿಸಿಕೊಂಡವನಲ್ಲ. ಕೂಸನ್ನು ಮಣ್ಣುಮಾಡಿದ ಒಬ್ಬ ತಾಯಿಯು ನನ್ನನ್ನು, "ಉಪದೇಶಿಗಳೇ, ನಾನು ಏನು ತಪ್ಪು ಮಾಡಿದೆ?" ಎಂದು ಕೇಳಿದಳು. "ಮನಸ್ಸನ್ನು ಶೋಧಿಸಿಕೊಳ್ಳಮ್ಮ" ಎಂದೆನು. ಸೆಮಿನರಿಯಲ್ಲಿ ಕಲಿತ ಮಾತು, ತಪ್ಪಾದ ಮಾತೂ ಅಲ್ಲ. ಆದರೆ ರೊಟ್ಟಿ ಬೇಡಿದವಳಿಗೆ ಕಲ್ಲು ಕೊಟ್ಟಂತಾಯಿತು. ಆಕೆಯು ಮೂರು ಭಾನುವಾರ ಸಭೆಗೆ ಬರಲಿಲ್ಲ.

ನಮ್ಮ ತಾಲ್ಲೂಕಿನ ಗುಬ್ಬಿಯಲ್ಲಿಯೇ ನಡೆದ ಒಂದು ಸಂಗತಿಯನ್ನು ಆಲೋಚಿಸಿರಿ. ಐರ್ಲೆಂಡ್ ದೇಶದ ವಿಲಿಯಂ ಆರ್ಥರ್ ಅಯ್ಯನವರು 1839ರಲ್ಲಿ, ಸುಮಾರು ಇಪ್ಪತ್ತು ವರುಷದ ಪ್ರಾಯದಲ್ಲಿ, ವೆಸ್ಲಿಯನ್ ಮಿಷನಿನಿಂದ ಕಳುಹಿಸಲ್ಪಟ್ಟು ನಮ್ಮ ದೇಶಕ್ಕೆ ಬಂದು, ಗುಬ್ಬಿಯಲ್ಲಿದ್ದು, ಕನ್ನಡವನ್ನು ಕಲಿತು ಸುವಾರ್ತೆಯನ್ನು ಸಾರಿದರು. ಸ್ವಲ್ಪ ಕಾಲದಲ್ಲಿಯೇ ಅವರ ಕಣ್ಣುಗಳು ಕೆಟ್ಟು, 1841ರಲ್ಲಿ ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಇಲ್ಲಿ ಪಾಪ ಮಾಡಿದವರು ಯಾರು? ಅಯ್ಯನವರೋ, ಅವರನ್ನು ಹೆತ್ತವರೋ, ಕೇಳಿಯೂ ಕೇಳದಂತಿದ್ದ ಗುಬ್ಬಿಯವರೋ? ಅವರು 1847ರಲ್ಲಿ ಮೈಸೂರು ಸೀಮೆಯ ಮಿಷನನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿ, ನಮ್ಮ ಊರುಗಳನ್ನು ಕಾಣದವರಿಗೆ ಅವುಗಳನ್ನು ತೋರಿಸಿದರು. ಆದಕಾರಣ ಕಣ್ಣು ಕೆಟ್ಟದ್ದೇ ಒಳ್ಳೆಯದಾಯಿತೆಂದು ನಾನು ಹೇಳಲಾರೆನು. ಬೇನೆಯು ಬೇನೆಯೇ. ಅದು ದೇವರು ಕೊಟ್ಟ ತೀರ್ಪಲ್ಲ ಎಂಬುದಿಷ್ಟೇ ನನ್ನ ಮಾತು.

ನಾಲ್ಕನೆಯ ವಾರ ನಾನು ಆ ತಾಯಿಯ ಮನೆಗೆ ಪುನಃ ಹೋದೆನು. ಮೊದಲು ಹೇಳಿದ್ದಕ್ಕೆ ಕ್ಷಮೆ ಬೇಡಿ, ಬುದ್ಧಿ ಹೇಳದೆ, ಈ ಅಧ್ಯಾಯವನ್ನು ಮಾತ್ರ ಓದಿದೆನು. ಆಕೆಯು ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು ಕೇಳಿದಳು: "ತಪ್ಪು ಇವರದಲ್ಲ ಅಂತ ಸ್ವಾಮಿ ಹೇಳಿದ್ದನ್ನು ಆ ಕುರುಡನ ತಾಯಿಗೆ ಯಾರಾದರೂ ಹೋಗಿ ತಿಳಿಸಿದರೇ, ಉಪದೇಶಿಗಳೇ?"

ಅದು ಗ್ರಂಥದಲ್ಲಿ ಬರೆದಿಲ್ಲವಮ್ಮ ಎಂದೆನು. ಆ ವಚನವನ್ನು ಇನ್ನೊಮ್ಮೆ ಓದಿರೆಂದಳು; ಓದಿದೆನು.