ಯಾವ ಕಡೆಯ ಕಿಟಕಿ?

ವಿಮಾನದ ಟಿಕೆಟ್ ಮಾಡುವಾಗ ಸೀಟು ಆರಿಸಿಕೊಳ್ಳಿ ಎಂದರೆ ನಮ್ಮಲ್ಲಿ ಹೆಚ್ಚಿನವರು ನೋಡುವುದು ಎರಡು ಸಂಗತಿ: ಕಾಲು ಚಾಚಲು ಜಾಗ ಇದೆಯೇ, ಬಾಗಿಲು ಹತ್ತಿರವೇ. ಕಿಟಕಿಯೇ ಬೇಕು ಎನ್ನುವವರೂ ಯಾವ ಕಡೆಯ ಕಿಟಕಿ ಎಂದು ಯೋಚಿಸುವುದು ಕಡಿಮೆ. ಎಡಕ್ಕೂ ಬಲಕ್ಕೂ ಅಜಗಜಾಂತರ ಇರುತ್ತದೆ. ದೆಹಲಿಯಿಂದ ಬಾಗ್ಡೋಗ್ರಾಕ್ಕೆ ಹೋಗುವಾಗ ಹಿಮಾಲಯ ಉತ್ತರಕ್ಕೆ, ಅಂದರೆ ಎಡಗಡೆಗೆ. ಆಕಾಶ ತಿಳಿಯಾಗಿದ್ದರೆ ಆ ಕಡೆ ಕೂತವರಿಗೆ ಹಿಮದ ಬೆಟ್ಟಗಳ ಸಾಲೇ ಸಿಗುತ್ತದೆ. ಬಲಗಡೆಯವರಿಗೆ ಬರೀ ಬಯಲು. ಮರಳಿ ಬರುವಾಗ ಅದಲುಬದಲು.

ಹಿಮಾಲಯದ ಮಾತು ಹಾಗಿರಲಿ. ನಮ್ಮ ರಾಜ್ಯದೊಳಗೇ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವ ಹಾದಿ ನನಗೆ ಅಷ್ಟೇ ದೊಡ್ಡದು. ಸೋಗಾನೆಯಲ್ಲಿ ಕುವೆಂಪು ವಿಮಾನ ನಿಲ್ದಾಣ 2023ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಗೆ ಹೋಗುವ ಎಟಿಆರ್ ವಿಮಾನ ನೋಡುವವರಿಗೆಂದೇ ಮಾಡಿದ ಹಾಗಿದೆ. ಅದರ ರೆಕ್ಕೆ ಕಿಟಕಿಗಳ ಮೇಲುಗಡೆ ಇರುವುದರಿಂದ ಕೆಳಗಿನ ನೆಲಕ್ಕೆ ಅಡ್ಡ ಬರುವುದಿಲ್ಲ. ದೊಡ್ಡ ಜೆಟ್‌ಗಳು 35 ಸಾವಿರ ಅಡಿಯಲ್ಲಿ ಹಾರಿದರೆ ಇದು 25 ಸಾವಿರ ಅಡಿ ದಾಟುವುದಿಲ್ಲ. ಹತ್ತಿರದ ಊರುಗಳಿಗೆ ಇನ್ನೂ ಕೆಳಗೇ ಹಾರುತ್ತದೆ. ಹಾಗಾಗಿ ಕೆರೆಯ ಏರಿ, ಏರಿಯ ಕೆಳಗೆ ಹಬ್ಬಿದ ಅಚ್ಚುಕಟ್ಟಿನ ಹಸಿರು, ತೆಂಗಿನ ತೋಟದ ಸಾಲು ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಎಂಜಿನ್ ಮತ್ತು ಪ್ರೊಪೆಲರ್ ಇರುವ ನಡುಭಾಗ ಬಿಟ್ಟು ಹಿಂದಿನ ಸಾಲುಗಳಲ್ಲಿ ಕೂರುವುದು ಒಳ್ಳೆಯದು.

ಸೀಟು ಹಿಡಿಯುವ ಮೊದಲು ನಕಾಶೆ ತೆಗೆದು ಎರಡೂ ಊರುಗಳ ನಡುವೆ ಒಂದು ಗೆರೆ ಎಳೆಯಿರಿ. ಮೋಡ, ಗಾಳಿ ನೋಡಿಕೊಂಡು ವಿಮಾನ ಆಚೀಚೆ ಸರಿಯಬಹುದು, ಆದರೂ ದಿಕ್ಕು ಹೆಚ್ಚು ತಪ್ಪದು. ಗೆರೆ ವಾಯವ್ಯಕ್ಕೆ ಹೋಗುತ್ತದೆ. ತುಮಕೂರು ಹೆಚ್ಚುಕಡಿಮೆ ಕಾಲಡಿಯಲ್ಲೇ ಬರುತ್ತದೆ. ಮುಂದೆ ಗೆರೆಯ ಎಡಕ್ಕೆ ಬಾಬಾಬುಡನ್‌ಗಿರಿ, ಅದರ ಪಕ್ಕದಲ್ಲೇ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ. ಬಲಕ್ಕೆ ದೂರದಲ್ಲಿ ಹಿರಿಯೂರು ಕಡೆಯ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ.

ಈ ಎರಡರ ನಡುವೆ ನಡೆಯುವ ನೀರಿನ ಕಥೆಯೇ ಆ ಹಾದಿಯ ಜೀವ. ಗಿರಿಯ ಪೂರ್ವದ ಇಳಿಜಾರಿನಲ್ಲಿ ಬಿದ್ದ ಮಳೆ ವೇದಾ, ಆವತಿ ಎಂಬ ಹಳ್ಳಗಳಾಗಿ ಇಳಿದು, ಕಡೂರಿನ ಆಸುಪಾಸಿನಲ್ಲಿ ಕೂಡಿ ವೇದಾವತಿಯಾಗಿ ಮಾರಿಕಣಿವೆ ಸೇರುತ್ತದೆ. ಅದೇ ಗಿರಿಯ ಪಶ್ಚಿಮಕ್ಕೆ ಬಿದ್ದದ್ದು ಭದ್ರೆಗೆ. ನಮ್ಮ ವಿಮಾನ ಎಡಗಡೆ ಹುಟ್ಟಿ ಬಲಗಡೆ ನಿಲ್ಲುವ ವೇದಾವತಿಯನ್ನು ದಾಟಿಕೊಂಡು ಹೋಗುತ್ತದೆ. 1907ರಲ್ಲಿ ಮುಗಿದ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅಜ್ಜಂಪುರದ ಬಳಿ ಸುರಂಗ ಕೊರೆದು ಭದ್ರೆಯ ನೀರನ್ನೂ ಈ ಕಡೆಗೆ ತಿರುಗಿಸಿದ್ದರು. ಹೀಗೆ ನೀರು ತಿರುಗಿಸುವ ಭದ್ರಾ ಮೇಲ್ದಂಡೆ ಯೋಜನೆಯ ಬಗ್ಗೆ ವರ್ಷಗಳಿಂದ ಓದುತ್ತಲೇ ಇದ್ದೇವೆ. ಒಂದು ಕಡೆ ಕಾಡಿನ ದಟ್ಟ ಹಸಿರು, ಇನ್ನೊಂದು ಕಡೆ ಕೆಂಪು, ಬೂದು ಬಣ್ಣದ ಬಯಲು ಒಟ್ಟಿಗೆ ಕಣ್ಣಿಗೆ ಬಿದ್ದಾಗ ಹೊಸದುರ್ಗ, ಹಿರಿಯೂರಿನ ರೈತರು ಇಷ್ಟು ಕಾಲ ಯಾಕೆ ನೀರು ಕೇಳಿದರು ಎಂಬುದು ಯಾವ ಲೇಖನಕ್ಕಿಂತಲೂ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ಎರಡರಲ್ಲಿ ಒಂದೇ ಆರಿಸಬೇಕಾದರೆ ನನ್ನ ಮತ ಎಡಗಡೆಗೆ. ಬೆಟ್ಟಸಾಲು ಹಿಂದೆ ಸರಿದ ಮೇಲೆ ಭದ್ರಾ ಜಲಾಶಯ ಬರುವುದೂ ಆ ಕಡೆಯೇ. ಅದರಲ್ಲಿ ಮುಳುಗದೆ ಉಳಿದ ಗುಡ್ಡಗಳು ನಡುಗಡ್ಡೆಗಳಾಗಿ ನಿಂತಿವೆ, ದಡದವರೆಗೂ ಅಭಯಾರಣ್ಯದ ಕಾಡಿದೆ.

ಬೆಳಗಿನ ವಿಮಾನ ಸಿಕ್ಕರೆ ಬಿಡಬೇಡಿ. ಆಗ ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ಬೆಟ್ಟದ ಮೈಮೇಲೆ ಬೆಳಕು ಬೀಳುತ್ತದೆ. ಮಧ್ಯಾಹ್ನ ದಾಟಿದರೆ ಚಳಿಗಾಲದಲ್ಲಿ ಎಡಗಡೆಯ ಕಿಟಕಿಗೆ ಬಿಸಿಲು ನೇರ ಕಣ್ಣಿಗೆ ಹೊಡೆದು ಬೆಟ್ಟ ಮಸುಕಾಗುತ್ತದೆ. ಆಗಲೂ ಒಂದು ಲಾಭವಿದೆ: ಬಿಸಿಲಿನ ಕಡೆಯ ಕೆರೆಗಳು ಒಂದಾದ ಮೇಲೊಂದು ಫಳ್ಳನೆ ಹೊಳೆಯುತ್ತವೆ, ಊರಿಗೊಂದು ಕೆರೆ ಎಂದು ಹಿರಿಯರು ಕಟ್ಟಿದ್ದು ಎಷ್ಟು ನಿಜ ಎಂದು ತಿಳಿಯುತ್ತದೆ. ಬಿಸಿಲಿಗೆ ವಿರುದ್ಧದ ಕಡೆ ಕೂತು ಕೆಳಗೆ ಮೋಡವಿದ್ದರೆ, ವಿಮಾನದ ನೆರಳಿನ ಸುತ್ತ ಬಣ್ಣದ ಉಂಗುರ ಕಾಣಬಹುದು. ಮೋಡದ ಸಣ್ಣ ಹನಿಗಳು ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವುದರಿಂದ ಆಗುವ ಉಂಗುರ ಅದು.

ಬೆಂಗಳೂರಿನಿಂದ ಏರುವಾಗ ನಂದಿ ಬೆಟ್ಟ ಯಾವ ಕಡೆ ಕಾಣುತ್ತದೆ ಎಂಬುದು ಮಾತ್ರ ಗಾಳಿಯ ಕೈಯಲ್ಲಿದೆ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ. ಮಳೆಗಾಲದ ಪಡುವಣ ಗಾಳಿಗೆ ದೇವನಹಳ್ಳಿಯಿಂದ ಪಶ್ಚಿಮಕ್ಕೆ ಎದ್ದರೆ ನಂದಿ ಬಲಕ್ಕೆ, ಚಳಿಗಾಲದ ಮೂಡಣ ಗಾಳಿಗೆ ಪೂರ್ವಕ್ಕೆ ಎದ್ದರೆ ಎಡಕ್ಕೆ.

ಮಾರ್ಚ್‌ನಿಂದ ಮೇವರೆಗೆ ಧೂಳು, ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ. ಅಕ್ಟೋಬರ್, ನವೆಂಬರ್‌ನಲ್ಲಿ ಮಳೆ ಗಾಳಿಯನ್ನು ತೊಳೆದಿರುತ್ತದೆ, ಒಳ್ಳೆಯ ವರ್ಷವಾದರೆ ಕೆರೆಗಳೂ ತುಂಬಿರುತ್ತವೆ. ಹೋಗುವಾಗ ಎಡ, ಬರುವಾಗ ಬಲ ಹಿಡಿಯಿರಿ. ಫೋನು ಜೇಬಿಗೆ ಹಾಕಿ ಕಿಟಕಿಯ ಮುಚ್ಚಳ ಇಳಿಯುವವರೆಗೂ ತೆರೆದಿಡಿ. ಜೊತೆಗೆ ಮೊದಲ ಸಲ ವಿಮಾನ ಹತ್ತಿದ ಅಜ್ಜಿಯೋ ಮಗುವೋ ಇದ್ದರೆ ಆ ಸೀಟನ್ನು ಅವರಿಗೇ ಕೊಟ್ಟು, ಕೆಳಗೆ ಹರಿಯುವುದು ಯಾವ ನದಿ ಎಂದು ಹೇಳಿ.