ಧಣಿಗಳ ಸಂಘವೂ ಭೃತ್ಯರ ಋಣವೂ

ಧನವಂತರ ದಾನವನ್ನು ನಮ್ಮ ಸೀಮೆಯವರು ಚೆನ್ನಾಗಿ ಬಲ್ಲರು. ವರ್ತಕರಾಗಿದ್ದ ಗುಬ್ಬಿಯ ತೋಟದಪ್ಪನವರು ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ ಕಟ್ಟಿಸಿದ ಧರ್ಮಛತ್ರವನ್ನು ಅರಿಯದವರು ವಿರಳ. ಆದರೆ ಧಣಿಗಳು ಧರ್ಮಾಭಿಮಾನದಿಂದ ಸಂಘವಾಗಿ ಸೇರಿದಲ್ಲಿ ನಾವು ಮೊದಲು ವಿಚಾರಿಸತಕ್ಕದ್ದು ಕೂಲಿಯ ಮಾತನ್ನು. ದಾನವು ಕೊಡುವವನ ಇಚ್ಛೆಗೆ ಸೇರಿದುದು, ಭೃತಿಯಾದರೋ ಋಣ.

ಹಿಂದೂಧರ್ಮಾಭಿಮಾನದ ರಾಷ್ಟ್ರೀಯ ಸ್ವಯಂಸೇವಕ ಸಂಘದ ಪರಿವಾರದಲ್ಲಿ ಈ ಪ್ರಶ್ನೆ ಸ್ಪಷ್ಟವಾಗಿ ಕಾಣುತ್ತದೆ. ದತ್ತೋಪಂತ ಠೇಂಗಡಿಯವರು 1955ರಲ್ಲಿ ಭೋಪಾಲದಲ್ಲಿ ಕಾರ್ಮಿಕರಿಗಾಗಿ ಭಾರತೀಯ ಮಜ್ದೂರ್ ಸಂಘವನ್ನು ಸ್ಥಾಪಿಸಿದರು. 1994ರಲ್ಲಿ ಸಣ್ಣ ಕೈಗಾರಿಕೆಗಳ ಒಡೆಯರಿಗಾಗಿ ಲಘು ಉದ್ಯೋಗ ಭಾರತಿಯು ಹುಟ್ಟಿತು. ಒಂದೇ ಮನೆಯಲ್ಲಿ ಧಣಿಯೂ ಉಂಟು, ಆಳೂ ಉಂಟು. ಆಯುಧಪೂಜೆಯಂದು ಇಬ್ಬರೂ ಒಂದೇ ಯಂತ್ರಕ್ಕೆ ಕುಂಕುಮವಿಡುತ್ತಾರೆ. ಮರುದಿನ ಕೂಲಿಯ ತಕರಾರು ಬಂದರೆ ಮನೆಯವರು ಯಾರ ಪಕ್ಷ?

ಉದ್ಯಮವೊಂದು ಕುಟುಂಬ, ಅಲ್ಲಿ ಪಕ್ಷಗಳೇ ಇಲ್ಲವೆಂದು ಉತ್ತರ ಹೇಳುವರು. ಮಾತು ಇಂಪಾಗಿದೆ. ಆದರೆ ವಸಂತನರಸಾಪುರದಂತಹ ಕಡೆ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ಒಡೆಯನನ್ನೇ ಕೇಳಿನೋಡಿರಿ. ದೊಡ್ಡ ಕಾರ್ಖಾನೆಯವರು ಅವನಿಗೆ ಸಲ್ಲತಕ್ಕ ಹಣವನ್ನು ತಡೆಹಿಡಿದು, ನಾವೆಲ್ಲ ಒಂದೇ ಕುಟುಂಬವೆಂದರೆ ಅವನು ಸಮಾಧಾನಗೊಳ್ಳುವನೆ? 45 ದಿನಗಳ ಒಳಗಾಗಿ ಹಣ ಸಲ್ಲಬೇಕೆಂದು 2006ರ ಕಾಯಿದೆಯನ್ನು ತೋರಿಸುವನು, ಅದು ನ್ಯಾಯವೇ. ಅದೇ ನ್ಯಾಯವು ಅವನ ಆಳಿಗೂ ಉಂಟಷ್ಟೆ. ಕೌಟಿಲ್ಯನೂ ಕೂಲಿಯನ್ನು ಒಡೆಯನ ವಾತ್ಸಲ್ಯಕ್ಕೆ ಬಿಟ್ಟವನಲ್ಲ. ವೇತನ ಕೊಡದವನಿಗೆ ಅದರ ದಶಾಂಶವನ್ನೋ ಆರು ಪಣಗಳನ್ನೋ ದಂಡವಾಗಿ ವಿಧಿಸಿದನು.

ತೃಪ್ತಿಯನ್ನು ಉಪದೇಶಿಸಲು ಶರಣರ ಕಥೆಯನ್ನು ಎತ್ತುವವರೂ ಇದ್ದಾರೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದುತರಲು, ಮಡದಿ ಲಕ್ಕಮ್ಮನು ಮಿಕ್ಕುದನ್ನು ಹಿಂದಕ್ಕೆ ಸುರಿದುಬರುವಂತೆ ಹೇಳಿದಳಷ್ಟೆ. ಇದನ್ನು ಬಡವರಿಗೇ ಬೋಧಿಸುವ ವಾಡಿಕೆ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಮಿಗಿಲಾದುದು ಕೂಡಿಬರುವ ಮನೆಯಲ್ಲಿಯಲ್ಲವೆ ಅದನ್ನು ಮೊದಲು ಓದಬೇಕು! ನಮ್ಮ ಚೇಳೂರಿನ ಹಲಸಿನ ಸಂತೆಯಲ್ಲಿ ಹಣ್ಣನ್ನು ಹೊತ್ತು ಲಾರಿಗೇರಿಸುವ ಹಮಾಲನು ವರ್ತಕನ ಮಠ ಯಾವುದೆಂದು ಕೇಳುವುದಿಲ್ಲ; ಹೊರೆಗೆ ಕೂಲಿ ಎಷ್ಟೆಂದು ಕೇಳುತ್ತಾನೆ. ಅದರಿಂದ ಅವನ ಭಕ್ತಿಗೆ ಏನೂ ಕುಂದಿಲ್ಲ.

ಧರ್ಮದೊಡನೆ ನಂಟುಳ್ಳ ಧಣಿಗಳ ಸಂಘವು ತೆರಿಗೆ, ಸಾಲ, ವಿದ್ಯುತ್ತಿನ ದರಗಳನ್ನು ಚರ್ಚಿಸುವುದು ಯುಕ್ತವೇ. ಅದೇ ಸಭೆಯಲ್ಲಿ ಕೂಲಿಯ ಪ್ರಶ್ನೆಯನ್ನೂ ಇಟ್ಟು, ತಮ್ಮದೇ ಪರಿವಾರದ ಮಜ್ದೂರ್ ಸಂಘದವರನ್ನು ಎದುರು ಕುರ್ಚಿಯಲ್ಲಿ ಕೂರಿಸಿಕೊಂಡು, ಲೆಕ್ಕದ ಪುಸ್ತಕವನ್ನು ಅವರ ಮುಂದೆ ಬಿಚ್ಚಲಿ.