ನಡೆಮಡಿ ಹಾಸುವ ಮೊದಲು

"ದೀಡ್ ಲಕ್ಷ!" ಅಂದ ಕೂಡಲೇ ನಮ್ಮ ಕಾಕಾ ಕುಳಿತಲ್ಲಿಂದ ಎದ್ದೇ ಬಿಟ್ಟರು. ಬಾಲಿಗೆ ಹೊರಟಿದ್ದ ನಾನು ಫೋನಿನಲ್ಲಿ ಓದಿ ಹೇಳಿದ್ದು ಇಂಡೋನೇಷ್ಯಾದ ರುಪಿಯಾದ ಲೆಕ್ಕ. 2024ರ ಫೆಬ್ರವರಿ 14ರಿಂದ ಆ ದ್ವೀಪಕ್ಕೆ ಬರುವ ವಿದೇಶಿ ಪ್ರವಾಸಿ ತಲೆಗೆ ಒಂದೂವರೆ ಲಕ್ಷ ರುಪಿಯಾ ಕಟ್ಟಬೇಕು. ನಮ್ಮ ದುಡ್ಡಿನಲ್ಲಿ ಎಂಟುನೂರರ ಆಸುಪಾಸು. ವೀಸಾದ ಐದು ಲಕ್ಷ ಬೇರೆ. ಲೆಕ್ಕ ಬಿಡಿಸಿ ಹೇಳಿದ ಮೇಲೆ ಕಾಕಾ ಕೂತರು. ಅವರ ಪ್ರಶ್ನೆ ಮಾತ್ರ ನಿಂತೇ ಇತ್ತು. "ವೀಸಾಕ್ಕ ಕೊಟ್ಟ ಮ್ಯಾಲ ಇದ್ಯಾತರದ್ದೋ ತಮ್ಮಾ? ಒಳಗ ಕಾಲಿಡಾಕೂ ರೊಕ್ಕಾನ?"

ನಮ್ಮೂರು ಚಿಮ್ಮಡದ ಸುತ್ತಿನವರಿಗೆ ಗಡಿಯ ಸುಂಕ ಹೊಸದೇನಲ್ಲ. 1948ರ ಮಾರ್ಚ್‌ವರೆಗೆ ಇಲ್ಲಿ ಎತ್ತ ಹೊರಟರೂ ಬೇರೆ ರಾಜ್ಯ. ಬನಹಟ್ಟಿ ಜಮಖಂಡಿ ಪಟವರ್ಧನರದು, ಅದಕ್ಕೆ ಅಂಟಿಕೊಂಡ ರಬಕವಿ ಸಾಂಗಲಿಯವರದು, ಮಹಾಲಿಂಗಪುರ ಮುಧೋಳದ ಘೋರ್ಪಡೆಯವರದು. ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಕರಗಿದವು, ಜಕಾತಿ ಎಂಬ ಮಾತು ಕರಗಲಿಲ್ಲ. ಕರ್ನಾಟಕದ ಪೇಟೆಗಳ ಬಾಗಿಲಿಂದ ಜಕಾತಿ ಎದ್ದದ್ದು 1979ರಲ್ಲಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಅನ್ನುತ್ತೇವಲ್ಲ, ಕಟ್ಟೆಯ ಮುಂದೆ ಚಕ್ಕಡಿ ನಿಲ್ಲಿಸಿ ಬೇಸತ್ತವರ ಬಾಯಿಂದ ಬಂದ ಮಾತು ಅದು. ಅವನಿಗೆ ಕಿವಿ ಇಲ್ಲ, ಕೈ ಮಾತ್ರ ಇದೆ ಎಂಬ ದೂರು. (ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೂ ಒಬ್ಬ. ಗಾದೆ ಕಟ್ಟಿದವರು ಅವನ ಕಟ್ಟೆಗೆ ಬಂದಿರಲಿಕ್ಕಿಲ್ಲ.)

ಕಾಕಾನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ದಾರಿ ತಿರುಗಿ ನಮ್ಮ ಜಿಲ್ಲೆಗೇ ಬರುತ್ತದೆ. ಗುಡಿಗಳ ಊರೆಂದು ನಾವು ತೋರಿಸುವ ಐಹೊಳೆ ಒಂದು ಕಾಲಕ್ಕೆ ವರ್ತಕರ ಊರು. ಅಯ್ಯಾವೊಳೆ ಐನೂರ್ವರು ಎಂಬ ದೊಡ್ಡ ವರ್ತಕ ಸಂಘಕ್ಕೆ ಹೆಸರು ಕೊಟ್ಟದ್ದು ಅದೇ. ನಮ್ಮ ಮಗ್ಗುಲಿನ ತೇರದಾಳದ ಬಸದಿ ಶಾಸನದಲ್ಲೂ ಅವರ ಹೆಸರಿದೆ. ಅವರು ಕತ್ತೆ, ಎತ್ತುಗಳ ಮೇಲೆ ಹೇರು ಹಾಕಿಕೊಂಡು ನಾಡು ಸುತ್ತಿದರು, ಹಡಗು ಹತ್ತಿ ಕಡಲನ್ನೂ ದಾಟಿದರು. ಸುಮಾತ್ರಾದ ಪಶ್ಚಿಮ ದಂಡೆಯಲ್ಲಿ, ಕರ್ಪೂರಕ್ಕೆ ಹೆಸರಾದ ಬಾರೂಸ್ ಬಂದರಿನ ಹತ್ತಿರ, ಲೋಬು ತುವಾ ಎಂಬಲ್ಲಿ ಅವರ ಹೆಸರಿನ ಒಂದು ತಮಿಳು ಶಾಸನ ಸಿಕ್ಕಿದೆ. ಶಕ 1010, ಅಂದರೆ ಕ್ರಿ.ಶ. 1088.

ಆ ಕಲ್ಲಿನಲ್ಲಿರುವುದು ಬಂದಿಳಿದವರ ಶುಲ್ಕದ ಕಟ್ಟಳೆ! ಶಾಸನತಜ್ಞರು ಓದಿರುವಂತೆ, ಹಡಗಿನ ನಾಯಕನೂ ಅವನ ಸಂಗಡಿಗರೂ ಕಸ್ತೂರಿಯ ಬೆಲೆಗೆ ಅನುಗುಣವಾಗಿ ಚಿನ್ನವನ್ನು ಕೊಡಬೇಕು. ಕೊಟ್ಟ ಮೇಲೆಯೇ ಹಾಸಿದ ಬಟ್ಟೆಯ ಮೇಲೆ ಕಾಲಿಡಬೇಕು. ಗುರುವಿನ ಪಲ್ಲಕ್ಕಿಯ ಮುಂದೆ ಹಾಸುವ ನಡೆಮಡಿ ಕಂಡ ನಮಗೆ ಈ ಸಾಲು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಎರಡು ಸಂಗತಿ ನನ್ನನ್ನು ಬಿಡದೆ ಕಾಡಿವೆ. ಶುಲ್ಕ ಕಟ್ಟುವವನನ್ನು ಆ ಕಲ್ಲು ಕಳ್ಳನಂತೆ ಅಡ್ಡಗಟ್ಟುವುದಿಲ್ಲ. ಅವನ ಕಾಲಿಗೆ ಮಡಿ ಹಾಸುತ್ತದೆ. ಇಸಿದುಕೊಳ್ಳುವುದೂ ಮರ್ಯಾದೆ ಮಾಡುವುದೂ ಒಂದೇ ಹೊಸಿಲಲ್ಲಿ. ಎರಡನೆಯದು ಇದಕ್ಕಿಂತ ದೊಡ್ಡದು. ಕಟ್ಟಳೆ ಮಾಡಿದವನು ಸುಮಾತ್ರಾದ ಅರಸನಲ್ಲ, ಐನೂರ್ವರೇ. ಪರದೇಶದಲ್ಲಿ ನಿಂತು, ತಮ್ಮ ಹಿಂದೆ ಬರುವ ತಮ್ಮವರಿಗೇ ಹಾಕಿಕೊಂಡ ತೆರಿಗೆ. ಪರರ ನೆಲದಲ್ಲಿ ಲಾಭ ಎಣಿಸುವವನು ಮೊದಲು ಏನನ್ನಾದರೂ ಕೆಳಗಿಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಂತಿಲ್ಲ. ಧರ್ಮ ಮರೆಯಬೇಡಿ ಎಂಬ ಮಾತನ್ನೂ ಅದೇ ಕಲ್ಲಿನ ಕೊನೆಗೆ ಕೆತ್ತಿಸಿದ್ದಾರೆ.

ಬಾಲಿಯ ಸರ್ಕಾರ ಹೇಳುವ ಕಾರಣವೂ ದೂರದ್ದಲ್ಲ: ಅಲ್ಲಿನ ಸಂಸ್ಕೃತಿ, ಪರಿಸರ ಕಾಯಲು ಈ ಹಣ. ನಾವು ಅಲ್ಲಿ ಏನನ್ನೂ ಕದಿಯುವುದಿಲ್ಲ, ನಿಜ. ಆದರೆ ನೀರು ಕುಡಿಯುತ್ತೇವೆ, ಕಸ ಬಿಡುತ್ತೇವೆ, ಗುಡಿಯ ಮೆಟ್ಟಿಲು ಸವೆಸುತ್ತೇವೆ. ದುಡ್ಡು ಕೊಟ್ಟರೆ ಸವೆದ ಮೆಟ್ಟಿಲು ತುಂಬುವುದಿಲ್ಲ. ಕೊಟ್ಟೆನಲ್ಲ ಎಂಬ ಹಮ್ಮು ತುಂಬಿಕೊಂಡರೆ ಇನ್ನಷ್ಟು ಸವೆಯುತ್ತದೆ. ಹೀಗಾಗಿ ನನಗೆ ಈ ಎಂಟುನೂರು ಬೆಲೆಯಂತೆ ಕಾಣಲಿಲ್ಲ. ಹೊಸಿಲಲ್ಲಿ ಒಂದು ಗಳಿಗೆ ನಿಲ್ಲಿಸಿ, ಇದು ನಿನ್ನ ಮನೆಯಲ್ಲ ಅಂದಂತೆ ಕಂಡಿತು. ನನಗೆ ಅದು ಬೇಕಿತ್ತು.

ನಾವೂ ಬರಿಗೈಯಲ್ಲಿ ಯಾರ ಮನೆಗೂ ಹೋಗುವುದಿಲ್ಲ. ಹಿರಿಯರು, ಕೂಸುಗಳಿರುವ ಮನೆಗಂತೂ ಬಾಳೆಹಣ್ಣೋ ಚುರುಮರಿಯೋ ಕೈಯಲ್ಲಿರಲೇಬೇಕು. ಮನೆಯವರು ಕಾಲಿಗೆ ನೀರು ಕೊಡುತ್ತಾರೆ, ಬೆಲ್ಲ ಕೊಡುತ್ತಾರೆ. ಯಾರು ಯಾರಿಗೆ ಎಷ್ಟು ಕೊಟ್ಟರೆಂದು ಯಾರೂ ಬರೆದಿಡುವುದಿಲ್ಲ. ಬಾಲಿಯ ಶುಲ್ಕವನ್ನು ನಾನು ಕಟ್ಟಿದ್ದು ಫೋನಿನಲ್ಲಿ. ಉತ್ತರವಾಗಿ ಬಂದದ್ದು ಒಂದು ಕಪ್ಪುಬಿಳಿ ಚೌಕ. ರಸೀದಿ ಸರಿಯಾಗಿತ್ತು. ಕೊಡುವವನ ಎದುರಿಗೆ ಇಸಿದುಕೊಳ್ಳುವ ಮುಖವೊಂದು ಇರಲಿಲ್ಲ, ಅಷ್ಟೇ ಕೊರತೆ.

ಮರಳಿ ಊರಿಗೆ ಬಂದಾಗ ರಾತ್ರಿಯಾಗಿತ್ತು. ಅವ್ವ ತಂಬಿಗೆ ನೀರು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಾಲು ತೊಳೆದು ಹೊಸಿಲು ದಾಟುವಷ್ಟರಲ್ಲಿ ಅಣ್ಣನ ಮಗಳು ಎದ್ದು ಬಂದು ಚೀಲ ಹಿಡಿದುಕೊಂಡಳು. "ಕಾಕಾ, ನನಗೇನ್ ತಂದೀ?"